ಪಡುಗಾಳಿ ಎಂದ ಬೆಳಿಗ್ಗೆ

ಭಾನುವಾರ

ನಮ್ಮಕ್ಕನ ಮಗಳು, ಲಾಂಚಿನ ರಾಣಿಗೆ,

ನಿನ್ನ ಮಾವನ ಆಶೀರ್ವಾದ. ನನ್ನ ಹತ್ತಿರ ಕೊಡಲು ಉಳಿದಿರುವುದು ಅದೊಂದೇ, ತಗೋ.

ನಿನ್ನ ಕಾಗದ ಓದಿದೆ. ಗುರುವಾರ ಅಪಘಾತದ ವಿಚಾರಣೆ, ಲಾಂಚ್ ನಡೆಸುವ ಕೆಲಸ ಹೋಗಬಹುದು ಎಂದು ಬರೆದಿದ್ದೀಯ. ಕೊನೆಯಲ್ಲಿ, “ಮಾವ, ಅವತ್ತು ನಾನೇ ತಪ್ಪು ಕೇಳಿಸ್ಕೊಂಡ್ನಾ?” ಎಂದು ಕೇಳಿದ್ದೀಯ. ಉತ್ತರಕ್ಕೆ ಬರುತ್ತೇನೆ. ಮೊದಲು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಬೇಡವೆನ್ನಬೇಡ.

ಏಳನೇ ಕ್ಲಾಸಿನವನು ನಾನು. ಆದರೂ ಮೂವತ್ತೊಂದು ವರ್ಷ ಜೆಟ್ಟಿಯ ಗಾಜಿನ ಕೋಣೆಯಲ್ಲಿ ಕೂತು ವೈರ್‌ಲೆಸ್‌ನಲ್ಲಿ ಲಾಂಚಿನವರಿಗೆ ಗಾಳಿಯ ದಿಕ್ಕು ಹೇಳಿದ್ದೇನೆ. ನನ್ನ ಮಾತು ಕೇಳಿ ಎಂಜಿನಿಯರುಗಳೇ ಕೊಡೆ ಮಡಚುತ್ತಿದ್ದರು. ಚಿಕ್ಕವಳಿದ್ದಾಗ ನೀನು ಕೇಳಿದ್ದೆ, ಗಾಳಿಗೆ ಹೋಗುವ ದಿಕ್ಕಿನ ಹೆಸರು ಯಾಕಿಲ್ಲ, ಬಂದ ದಿಕ್ಕಿನದೇ ಯಾಕೆ ಎಂದು. “ನೆಂಟರು ಬಂದ್ರೆ ಎಲ್ಲಿಂದ ಬಂದ್ರಿ ಅಂತ ತಾನೇ ಕೇಳೋದು? ಯಾವಾಗ ಹೋಗ್ತೀರಿ ಅನ್ನೋದು ಮನಸ್ಸಿನಲ್ಲೇ” ಎಂದಿದ್ದೆ. ನಿಮ್ಮಮ್ಮ ನನಗೆ ಸೌಟು ತೋರಿಸಿದ್ದಳು.

ಈಗ ಯಾರಿಗೂ ಹೇಳದ ಮಾತು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದಿದೆ. ಹತ್ತಿರದ್ದು ಹೇಗೋ ಕಾಣುತ್ತದೆ, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ತಗಡಿನ ಬಾಣ ಕಾಣುವುದಿಲ್ಲ. ಮೂಗಿನಿಂದ ಕೆಲಸ ಮಾಡುತ್ತಿದ್ದೆ. ಪಶ್ಚಿಮದ ಬೇಕರಿಯ ಬ್ರೆಡ್ಡಿನ ವಾಸನೆ ಬಂದರೆ ಪಡುಗಾಳಿ, ಪೂರ್ವದ ಒಣಮೀನಿನದು ಬಂದರೆ ಮೂಡುಗಾಳಿ, ಉತ್ತರದ ಕಾರ್ಖಾನೆಯ ಸೋಪಿನದು ಬಂದರೆ ಬಡಗಾಳಿ. ಒಂದು ದಿನವೂ ತಪ್ಪಿರಲಿಲ್ಲ. ಒಳಗೊಳಗೇ ಬೀಗುತ್ತಿದ್ದೆ.

ಅವತ್ತು ನೆಗಡಿ. ಮೂಗು ಕಟ್ಟಿ ಕಲ್ಲಾಗಿತ್ತು. ಗುಡ್ಡದ ಮರೆಯಿಂದ ನೀನು ವೈರ್‌ಲೆಸ್‌ನಲ್ಲಿ “ಯಾವ ಗಾಳಿ ಮಾವ?” ಎಂದು ಕೇಳಿದೆ. ಆ ತಿರುವಿನಲ್ಲಿರುವವರಿಗೆ ಜೆಟ್ಟಿಯ ಗಾಳಿ ತಿಳಿಯುವುದಿಲ್ಲ. ನನ್ನ ಬಾಯೇ ನಿನ್ನ ಕಣ್ಣು. ಮೇಲಿನ ತಾರಸಿಗೆ ಹತ್ತಿ ಕೆನ್ನೆ ಒಡ್ಡಿದ್ದರೆ ಸಾಕಿತ್ತು. ಹತ್ತೊಂಬತ್ತು ಮೆಟ್ಟಿಲು. ಮಂಡಿ ನೋಯುತ್ತಿತ್ತು. ಸಾಕಾಗಿತ್ತು ಕಣೆ, ನಿಜವಾಗಿ ಸಾಕಾಗಿತ್ತು. ನಿನ್ನೆ ಪಡುಗಾಳಿ ಇತ್ತಲ್ಲ, ಇವತ್ತೂ ಅದೇ ಇರುತ್ತದೆ ಎಂದುಕೊಂಡು “ಪಡುಗಾಳಿ” ಎಂದುಬಿಟ್ಟೆ.

ಗಾಳಿಯ ಮರೆಗೆಂದು ನೀನು ಜೆಟ್ಟಿಯ ಪೂರ್ವದ ಬದಿಗೆ ಬಂದೆ. ಬೀಸುತ್ತಿದ್ದದ್ದು ಮೂಡುಗಾಳಿ. ಅದು ಲಾಂಚನ್ನು ಎತ್ತಿ ಜೆಟ್ಟಿಗೆ ಬಡಿಯಿತು. ಲಾಂಚಿನಲ್ಲಿದ್ದ ಟೀಚರಮ್ಮನ ಕೈ ಮುರಿಯಿತು. ಲಾಂಚು ಬಡಿದ ಸದ್ದು ನನಗೆ ಕೋಣೆಯೊಳಗೂ ಕೇಳಿಸಿತು.

ನೀನು ಸರಿಯಾಗಿಯೇ ಕೇಳಿಸಿಕೊಂಡೆ. ಸರಿಯಾಗಿಯೇ ನಡೆಸಿದೆ. ಈ ಕಾಗದವನ್ನು ಗುರುವಾರ ಮೇಜಿನ ಮೇಲಿಡು. ನನ್ನ ನೌಕರಿಯ ಚಿಂತೆ ನಿನಗೆ ಬೇಡ. ನಿವೃತ್ತಿಗೆ ಇನ್ನು ಐದು ತಿಂಗಳು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಮ್ಮನಿಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳು. ತಮ್ಮನನ್ನು ಊರಿಗೆಲ್ಲ ಹೊಗಳಿಕೊಂಡು ಬಂದವಳು.

ಇಂತಿ,
ನಿನ್ನ ಮಾವ

ತಾ.ಕ.: ವಿಚಾರಣೆಯಲ್ಲಿ ಸಾಹೇಬರು ನಿನಗೆ ಇನ್ನೊಂದು ಕಾಗದ ತೋರಿಸುತ್ತಾರೆ. ನಾನು ಮೂಡುಗಾಳಿ ಎಂದೇ ಹೇಳಿದ್ದೆ, ಹುಡುಗಿ ತಪ್ಪು ಕೇಳಿಸಿಕೊಂಡಳು ಎಂದು ಅದರಲ್ಲಿದೆ. ಕೆಳಗಿನ ಸಹಿ ನೋಡಿ ಯಾರೋ ನಕಲು ಮಾಡಿದ್ದಾರೆ ಎನ್ನಬೇಡ. ಅಪಘಾತವಾದ ದಿನ ಸಂಜೆಯೇ ನಾನೇ ಬರೆದುಕೊಟ್ಟೆ. ಎರಡು ಸಲ ಓದಿ ನೋಡಿಯೇ ಸಹಿ ಹಾಕಿದೆ.