ಮುಂದಿನ ವರ್ಷದ ಡಾಲರ್

ಬಿಷ್ಕೆಕ್
ನವೆಂಬರ್ ೨೦

ಮಗಳು ಕನಿಶಾಯ್‌ಗೆ ಅಪ್ಪನ ಮುತ್ತುಗಳು.

ನಿನ್ನ ಮೂರು ಕಾಗದಗಳಿಗೂ ಉತ್ತರಿಸದೆ ಕೂತಿದ್ದೆ. ಬೈದುಕೋ, ಆಮೇಲೆ ಕ್ಷಮಿಸು. ಅಮ್ಮ ತೀರಿಕೊಂಡ ನಲವತ್ತನೇ ದಿನದ ಊಟ ಮುಗಿಸಿ ನೀನು ರಷ್ಯಾದ ಕಜಾನಿನ ಆಸ್ಪತ್ರೆ ಕೆಲಸಕ್ಕೆ ಮರಳಿದ ಮೇಲೆ, ಒಬ್ಬನಿಗೆ ಎಷ್ಟು ಚಹಾ ಕಾಸಬೇಕೆಂದು ಈಗೀಗ ಕೈಗೆ ಗೊತ್ತಾಗುತ್ತಿದೆ. ಬ್ಯಾಂಕಿನ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದ್ದೀಯ.

ಹೋದ ವರ್ಷ ಮೇ ತಿಂಗಳಲ್ಲಿ ಬುರ್ಮಕಾನ್ ಎಂಬಾಕೆ ಬಂದಳು. ಉಣ್ಣೆಗಂಬಳಿಗಳನ್ನು ಹೊರದೇಶಕ್ಕೆ ಮಾರುವವಳು. ವರ್ಷ ಕಳೆದು ಕೈಗೆ ಬರುವ ಡಾಲರಿಗೆ ಅವತ್ತೇ ಬೆಲೆ ಗೊತ್ತುಮಾಡಬೇಕಿತ್ತು. ಡಾಲರಿಗೆ ಆಗ ನಮ್ಮ ಎಂಬತ್ತನಾಲ್ಕು ಸೋಮ್. ನಾನು ಎಂಬತ್ತೆಂಟು ಎಂದೆ.

"ನಮ್ಮೆಜಮಾನ್ರೂ ಅದೇ ಅಂದ್ರು."

"ಅವರು ಯಾವ ಬ್ಯಾಂಕಲ್ಲಿದಾರೆ?"

"ಮಣ್ಣು ಮಾಡಿ ಆರು ವರ್ಷ ಆಯ್ತಪ್ಪ. ಕನಸಲ್ಲಿ ಬರ್ತಾರೆ."

ನಕ್ಕುಬಿಟ್ಟೆ. "ಅಕ್ಕಾ, ಇದು ಕಣಿ ಅಲ್ಲ, ಲೆಕ್ಕ. ಸೋಮ್ ಇಟ್ರೆ ನೂರಕ್ಕೆ ಹತ್ತು ಬಡ್ಡಿ, ಡಾಲರ್ ಇಟ್ರೆ ಐದು. ಯಾವ್ದನ್ನ ಇಟ್ರೂ ವರ್ಷದ ಕೊನೇಗೆ ಕೈಗೆ ಒಂದೇ ಸಿಗ್ಬೇಕು. ಇಲ್ದಿದ್ರೆ ಜನ ಒಂದ್ರಲ್ಲಿ ಸಾಲ ತಗೊಂಡು ಇನ್ನೊಂದ್ರಲ್ಲಿಟ್ಟು ಕೂತಲ್ಲೇ ಲಾಭ ಬಾಚ್ತಾರೆ. ಆ ಬಡ್ಡಿ ವ್ಯತ್ಯಾಸಾನೇ ಈ ನಾಲ್ಕು ಸೋಮ್. ಆ ದಿನ ಪೇಟೇಲಿ ಎಷ್ಟಿರುತ್ತೋ ನನಗೂ ಗೊತ್ತಿಲ್ಲ."

ವರ್ಷ ತುಂಬಿದ ದಿನ ಪೇಟೆಯಲ್ಲಿ ಡಾಲರ್ ಸರಿಯಾಗಿ ಎಂಬತ್ತೆಂಟಿತ್ತು. ಕಾಕತಾಳೀಯ ಎಂದುಕೊಂಡೆ. ಅವತ್ತೇ ಬುರ್ಮಕಾನ್ ಬಂದು, ಮುಂದಿನ ವರ್ಷಕ್ಕೆಂದು ಗಂಡ ಹೇಳಿದ ಬೆಲೆ ಬರೆದು ಮಡಿಸಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. ನನ್ನ ಲೆಕ್ಕಕ್ಕೆ ಬಂದದ್ದು ತೊಂಬತ್ತೆರಡು ಸೋಮ್ ಹತ್ತೊಂಬತ್ತು ತೈಯಿನ್. ಚೀಟಿಯಲ್ಲಿದ್ದದ್ದು ತೊಂಬತ್ತು ಸೋಮ್ ಐವತ್ತೊಂದು.

"ಈ ಸಲ ಯಜಮಾನ್ರು ತಪ್ಪಿದ್ರು" ಎಂದೆ.

ಪಕ್ಕದ ಮೇಜಿನ ಸಬಿರಾ ಕೂಗಿದಳು: "ತೆಮಿರ್‌ಕುಲ್, ಸೋಮ್ ಬಡ್ಡಿ ಎಂಟಕ್ಕೆ ಇಳಿಸಿದ್ರಂತೆ, ಈಗ್ತಾನೆ!"

ಮತ್ತೆ ಲೆಕ್ಕ ಹಾಕಿದೆ. ತೊಂಬತ್ತು ಸೋಮ್ ಐವತ್ತೊಂದು. ಇನ್ನೊಮ್ಮೆ ಹಾಕಿದೆ, ಅದೇ ಬಂತು. ಬುರ್ಮಕಾನ್ ಮಾತ್ರ ಗೊತ್ತಿದ್ದ ಮಾತು ಕೇಳಿದವಳಂತೆ ತಲೆವಸ್ತ್ರ ಸರಿಮಾಡಿಕೊಂಡಳು.

ಅಲ್ಲಿಂದಾಚೆಗೆ ಮುಂದಿನ ದಿನಾಂಕದ ಬೆಲೆ ಹೇಳಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ನಲವತ್ತರ ಊಟ ಮುಗಿದ ಮೇಲೆ ರಾಜೀನಾಮೆ ಕೊಟ್ಟೆ.

ಚಳಿ ಜೋರಾಗಿದೆಯಂತೆ, ಬೆಚ್ಚಗಿರು. ನಿನ್ನ ದಾರಿ ಬೆಳಗಲಿ, ನಿನ್ನ ಕೈ ಮುಟ್ಟಿದ ರೋಗಿ ಎದ್ದು ನಡೆಯಲಿ.

ನಿನ್ನ ಅಪ್ಪ
ತೆಮಿರ್‌ಕುಲ್

ಮತ್ತೆ: ಆ ಚೀಟಿ ತಂದ ದಿನ ಬಾಗಿಲಲ್ಲಿ ನಿಂತು ಬುರ್ಮಕಾನ್ ಇನ್ನೊಂದು ಮಾತು ಹೇಳಿದಳು: "ಮನೆಯವರ ಹೆಸರು ಬೆರ್ಮೆತ್ ಅಲ್ವಾ? ಆಗಸ್ಟ್ ಒಳಗೆ ಮಗಳನ್ನ ಕರೆಸ್ಕೊಳ್ಳಿ." ಅಮ್ಮನ ಹೆಸರನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಅಮ್ಮ ಆಗ ಏಪ್ರಿಕಾಟ್ ಮರ ಹತ್ತುವಷ್ಟು ಗಟ್ಟಿಯಾಗಿದ್ದಳು. ನಿನ್ನನ್ನು ಕರೆದರೆ ಆ ಮಾತನ್ನು ನಂಬಿದಂತಾಗುತ್ತದೆಂದು ಹೆದರಿದೆ. ಜುಲೈ ಪೂರ್ತಿ ಫೋನ್ ಎತ್ತಿಕೊಂಡು ಎತ್ತಿಕೊಂಡು ಇಟ್ಟೆ. ನೀನು ಬರುವಷ್ಟರಲ್ಲಿ ಅಮ್ಮ ಇಲ್ಲದೆ ಹೋದದ್ದು ದಾರಿ ದೂರವೆಂದಲ್ಲ, ಮಗಳೇ.