ಮಿಸೆಸ್ ಥರ್ಸ್ಬಿಯ ಬರೆಯುವ ಮೇಜು

ಲಡ್ಲೋ, ಮಾರ್ಚ್ 12, 1957. ಸಂಜೆ 6

ಹರಾಜಿನಲ್ಲಿ ಮೇಜಿಗೆ 38 ಪೌಂಡು. ಜೊತೆಯ ನಾಲ್ವರು ವ್ಯಾಪಾರಿಗಳಿಗೆ ತಲಾ ನೂರೈವತ್ತು. ವ್ಯಾನಿಗೆ ಎರಡು. ಬಿಯರು, ಹಂದಿಮಾಂಸದ ಪೈ — ಒಂದು. ಒಟ್ಟು 641. ಅದಕ್ಕಾಗಿ ಅಂಗಡಿಯನ್ನೇ ಬ್ಯಾಂಕಿಗೆ ಅಡವಿಟ್ಟಿದ್ದೇನೆ. ಚಿಂದಿ ಗಾಡಿ ತಳ್ಳಿ ಈ ಸಿಡ್ ಬೋಡನ್ ಕಟ್ಟಿದ ಹಳೇ ಪೀಠೋಪಕರಣಗಳ ಅಂಗಡಿ.

ನಮ್ಮ ಕಟ್ಟಳೆ ಇದು: ಹರಾಜಿನಲ್ಲಿ ಐವರ ಪರವಾಗಿ ಒಬ್ಬನೇ ಕೂಗುವುದು, ಮಿಕ್ಕವರು ಚಾವಣಿ ನೋಡುವುದು. ಆಮೇಲೆ ಪಬ್ಬಿನ ಹಿಂದಿನ ಕೋಣೆಯಲ್ಲಿ ನಿಜವಾದ ಹರಾಜು. ಗೆದ್ದವನು ಹೆಚ್ಚಿನ ಹಣವನ್ನು ಸೋತವರಿಗೆ ಹಂಚಬೇಕು. ಕಾನೂನಿಗೆ ಅಪರಾಧ. ಕಾನೂನು ಪಬ್ಬಿನ ಹಿಂದಿನ ಕೋಣೆಗೆ ಬರುವುದಿಲ್ಲ.

ಮೇಜಿನ ಒಡತಿ ಮಿಸೆಸ್ ಥರ್ಸ್ಬಿ, ಮೇಜರನ ವಿಧವೆ, 38 ಕೇಳಿ ಕೈಗವಸು ಸರಿಮಾಡಿಕೊಂಡಳು. ಪಾಪ ಅನ್ನಿಸಲಿಲ್ಲ. ಇನ್ನೂರು ವರ್ಷದ ಮಹಾಗನಿ ಮರದ ಮೇಲೆ ಜಾಮ್ ಬಾಟಲಿಗೆ ಚೀಟಿ ಬರೆಯುತ್ತಿದ್ದವಳು.

ಮಾರ್ಚ್ 13

ಮೇಣ ತಿಕ್ಕಲು ಈನಕ್ ಪ್ರೀಸ್‌ಗೆ ಹೇಳಿಕಳಿಸಿದೆ. ಎಪ್ಪತ್ತರ ಬಡಗಿ. ಮೇಜು, ಕಪಾಟು ಮಾಡುವ ಕೈ ಚಿನ್ನ, ಬುದ್ಧಿ ಮರ. ಮೂರು ತಿಂಗಳ ಕೆಲಸಕ್ಕೆ ಮೂರು ವಾರದ ಕೂಲಿ ಕೇಳುವವನು.

ಮೇಜು ನೋಡಿ ಟೋಪಿ ತೆಗೆದ.

"ಓಹೋ, ಇಲ್ಲಿಗೆ ಬಂದ್ಯಾ ಮಗಳೇ?"

"ಯಾರ ಮಗಳೋ ಮುದುಕ?"

"ನಂದೇ ಕಣೋ ಸಿಡ್. ನಲವತ್ತಾರರ ಚಳೀಲಿ ಮಾಡಿದ್ದು. ಅಸಲಿ ಮೇಜನ್ನ ಥರ್ಸ್ಬಿ ಅಮ್ಮಾವ್ರು ಸದ್ದಿಲ್ದೆ ಮಾರ್ಕೊಂಡ್ರು. ಊರೋರಿಗೆ ಗೊತ್ತಾಗ್ಬಾರ್ದು ಅಂತ ನನ್ ಕೈಲಿ ಇದನ್ನ ಮಾಡಿಸಿದ್ರು. ಹಳೇ ಮಂಚದ ಮರ."

ಡ್ರಾಯರ್ ಎಳೆದು ಬೋರಲು ಹಾಕಿದ. ಅಡಿಯಲ್ಲಿ ಪೆನ್ಸಿಲ್ ಅಕ್ಷರ: ಇ. ಪ್ರೀಸ್, 1946.

"ಹರಾಜಿಗೆ ಮುಂಚೆ ನೋಡೋಕೆ ಬಿಟ್ಟಿದ್ರಲ್ಲ, ಐದು ಜನದಲ್ಲಿ ಒಬ್ನೂ ಡ್ರಾಯರ್ ಎಳೀಲಿಲ್ವೇನೋ?"

ಎಳೆಯಲಿಲ್ಲ. ಬೇಕಾದದ್ದನ್ನು ಮುಟ್ಟಿದರೆ ಆಸೆ ಬಯಲಾಗುತ್ತದೆ. ಅದಕ್ಕೇ ಐವರೂ ಅರ್ಧ ಗಂಟೆ ಒಂದು ದರಿದ್ರ ಬಟ್ಟೆ ಬೀರುವನ್ನು ತಡವುತ್ತ ನಿಂತಿದ್ದೆವು. ಕಸುಬಿನ ಜಾಣತನ!

ದೂರು ಕೊಡುವುದಾದರೆ ಮೊದಲು ಪಬ್ಬಿನ ಕಥೆ ಹೇಳಬೇಕು. ಹರಾಜಿನ ಪಟ್ಟಿಯಲ್ಲೂ ಇದ್ದದ್ದು ಇಷ್ಟೇ — ಬರೆಯುವ ಮೇಜು, ಒಂದು. ಹಳೆಯದೆಂದು ಯಾರೂ ಹೇಳಿರಲಿಲ್ಲ.

ಮಾರ್ಚ್ 19

ಲಂಡನ್ನಿನ ವ್ಯಾಪಾರಿ ಡ್ಯಾಲ್ರಿಂಪಲ್ ಗುರುವಾರ ಬರುತ್ತಾನೆ. ಹಳೆಯದಾದರೆ ಒಂಬೈನೂರು ಕೊಡುತ್ತಾನಂತೆ. ಕೊಟ್ಟರೆ ಅಂಗಡಿ ಉಳಿಯಿತು. ಮರಳುಕಾಗದದಿಂದ ಹೆಸರು ಉಜ್ಜಿ ಅಳಿಸಿದೆ, ಗಾಯಕ್ಕೆ ಹಳೇ ಬಣ್ಣ ಬರಲೆಂದು ತಣ್ಣನೆ ಚಹಾ ಬಳಿದೆ. ಈನಕ್ ಬಾಗಿಲಲ್ಲಿ ನಿಂತು ನೋಡಿದ.

"ಐದು ಪೌಂಡ್ ಕೊಡ್ತೀನಿ. ಬಾಯ್ಮುಚ್ಕೊಂಡಿರು."

"ನನ್ ಬಾಯಿ ಯಾವಾಗ ತೆರೆದಿತ್ತಯ್ಯ? ಹೆಸರೊಂದೇ ಮಾತಾಡ್ತಿತ್ತು."

ಹಣ ಮುಟ್ಟಲಿಲ್ಲ. ಮೂರ್ಖ.

ಮಾರ್ಚ್ 21, ಮಧ್ಯಾಹ್ನ

ಡ್ಯಾಲ್ರಿಂಪಲ್ ಬಂದ. ಹಳದಿ ಕೈಗವಸು, ಮೂಗಿನಲ್ಲೇ ಮಾತು. ಡ್ರಾಯರ್ ಎಳೆದ, ಮೂಸಿದ, ಮೂಲೆಯ ಜೋಡಣೆಯ ಮೇಲೆ ಬೆರಳಾಡಿಸಿದ. ಚೆಕ್‌ಬುಕ್ ತೆಗೆದ... ಅಲ್ಲಿಗೆ ನಿಲ್ಲಿಸಬಾರದಿತ್ತೇ? ಉಪನ್ಯಾಸ ಶುರುವಾಯಿತು. ಮೂಲೆಯಲ್ಲಿ ಈನಕ್ ಒಂದು ಕುರ್ಚಿಯ ಕಾಲಿಗೆ ಅಂಟು ಕಲಸುತ್ತಿದ್ದ.

"ಇಂಥಾ ಕೈಗಳು ಸತ್ತು ಇನ್ನೂರು ವರ್ಷ ಆಯ್ತು, ಮಿಸ್ಟರ್ ಬೋಡನ್. ನಿಮ್ಮಂಥೋರಿಗೆ ಅದು ಕಾಣಲ್ಲ, ತಪ್ಪು ನಿಮ್ಮದಲ್ಲ ಬಿಡಿ. ಈಗಿನ ಹಳ್ಳಿ ಬಡಗಿಗೆ ಶವಪೆಟ್ಟಿಗೇನೂ ನೆಟ್ಟಗೆ ಮಾಡೋಕೆ ಬರಲ್ಲ."

ನಿಮ್ಮಂಥೋರಿಗೆ!

ನಲವತ್ತು ವರ್ಷ ಈ ಬಾಯಿಯ ಮಾತು ಮಾರಿಯೇ ಉಂಡಿದ್ದೇನೆ. ಅದೇ ತೆರೆಯಿತು.

"ಆ ಕೈ ಸತ್ತಿಲ್ಲ ಸಾರ್. ನಿಮ್ಮ ಬೆನ್ನ ಹಿಂದೆ ಅಂಟು ಕಲಸ್ತಾ ಇದೆ."

ಅವನ ಮುಖ! ಬೇಯಿಸಿದ ಬೀಟ್‌ರೂಟು. ಚೆಕ್‌ಬುಕ್ ಜೇಬಿಗೆ ಹೋಯಿತು, ಅವನು ಬೀದಿಗೆ ಹೋದ.

"ಒಂಬೈನೂರು ಪೌಂಡಿನ ಮಾತು ಕಣೋ ಅದು," ಅಂದ ಈನಕ್. ಅಂಟಿನ ಕೈ ಒರೆಸಿಕೊಂಡು ಡ್ರಾಯರ್ ಬೋರಲು ಹಾಕಿದ. "ಪೆನ್ಸಿಲ್ ಇದ್ಯಾ?"

ಮಾರ್ಚ್ 30

ಬ್ಯಾಂಕಿನ ಕಾಗದ ಬಂತು. ಅಂಗಡಿ ಜೂನ್‌ವರೆಗೆ ಮಾತ್ರ. ಇದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಡ್ರಾಯರ್ ಒಂದು ಬೆರಳಿಗೆ ತೆರೆಯುತ್ತದೆ, ಸದ್ದೇ ಇಲ್ಲ.

ಮಿಸೆಸ್ ಥರ್ಸ್ಬಿಗೆ ಅಸಲಿಯ ಬೆಲೆ, ಮೇಲೆ 38, ಮರ್ಯಾದೆ ಸಮೇತ. ನಾಲ್ವರು ಕಳ್ಳರಿಗೆ ತಲಾ ನೂರೈವತ್ತು. ಡ್ಯಾಲ್ರಿಂಪಲ್‌ಗೆ ಒಂದು ಪಾಠ, ಬಿಟ್ಟಿ. ಈನಕ್‌ಗೆ ಡ್ರಾಯರಿನ ಅಡಿಯಲ್ಲಿ ಹೆಸರು, ಮೊದಲಿಗಿಂತ ದಪ್ಪ ಅಕ್ಷರದಲ್ಲಿ.

ನನಗೆ, ಮೇಜು ಒಂದು. ಮತ್ತೆ ಆ ಬೀಟ್‌ರೂಟು ಮುಖ —