ಪಾರ್ಕು ಬಿದ್ದ ಜಾಗ

ಬೂದಿಕೋಟೆ
೧೫-೯-೧೯೮೬

ಮಗೂ ಮುನಿನಾರಾಯಣ,

ನಿನ್ನ ಕೆಮ್ಮು ಹೇಗಿದೆ? ಮೈಸೂರಿನ ಆಫೀಸಿನಲ್ಲಿ ಬಗ್ಗಿ ಕೂತು ನಕ್ಷೆ ಬರೆದು ಬೆನ್ನು ನೋವೆಂದಿದ್ದೆ, ಎಣ್ಣೆ ಹಚ್ಚಿಸಿಕೊಂಡೆಯಾ? ಇಲ್ಲಿ ನನ್ನ ಮಂಡಿ ತನ್ನ ಪಾಡಿಗೆ ನೋಯುತ್ತಿದೆ, ನಾನು ನನ್ನ ಪಾಡಿಗೆ ಓಡಾಡುತ್ತಿದ್ದೇನೆ. ಸೀಮೆಹಸು ಹೆಣ್ಣು ಕರು ಹಾಕಿತು. ಗಿಣ್ಣು ಕಾಯಿಸುವಾಗ ನಿನ್ನ ಅತ್ತಿಗೆ ಮಂಗಮ್ಮ ನಿನ್ನನ್ನು ನೆನೆಸಿಕೊಂಡಳು.

ನೀನು ಬರೆದ ಹೊಸ ಕಾಲೋನಿಯ ನಕ್ಷೆಯನ್ನು ಮನೆ ಕಟ್ಟಿಸುವ ಸೊಸೈಟಿಯವರು ಅರಳಿಕಟ್ಟೆಯ ಮೇಲೆ ಹರಡಿ ತೋರಿಸಿದರು. ನಡುವೆ ದುಂಡಗೆ ಪಾರ್ಕು, ಸುತ್ತ ಮನೆ, ಪ್ರತಿ ಮನೆಗೂ ಹಿತ್ತಲು. ಇದು ನಿನಗೆ ಎಲ್ಲಿ ಹೊಳೆಯಿತೆಂದು ನೋಡಿದ ಕೂಡಲೇ ತಿಳಿಯಿತು. ಚಿಕ್ಕವನಿದ್ದಾಗ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಹಾಲಿನ ಕ್ಯಾನಿಗೆ ಒರಗಿಕೊಂಡು ನನ್ನ ಜೊತೆ ಹಾಲು ಹಾಕಲು ಕೆಜಿಎಫ್‌ಗೆ ಬರುತ್ತಿದ್ದೆ. ಗಣಿ ಸಾಹೇಬರ ಬಂಗಲೆಗೆ ಗುಲಾಬಿ, ಬೇಲಿಗಿಡ, ಹುಲ್ಲಿಗೂ ಪೈಪಿನ ನೀರು. ಅಲ್ಲಿಂದ ಇಳಿದು ನಂದಿದುರ್ಗ ಗಣಿಯ ಕೂಲಿ ಲೈನಿಗೆ ಬಂದರೆ ತಟ್ಟಿಗೋಡೆಯ ಮನೆಗಳು. ಗಣಿ ಕೆಲಸದ ಪೆರುಮಾಳ್‌ನ ಹೆಂಡತಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿರುತ್ತಿದ್ದಳು. "ಇವ್ರಿಗ್ಯಾಕ್ ತೋಟ ಇಲ್ಲ ಅಪ್ಪಾ?" ಎಂದು ಕೇಳಿದ್ದೆ. ಕಂಪನಿಯವರು ಊರು ಕಟ್ಟುವಾಗಲೇ ಯಾರಿಗೆ ನೆರಳು, ಯಾರಿಗೆ ಧೂಳು ಎಂದು ಗೆರೆ ಹಾಕಿಬಿಟ್ಟಿದ್ದರು. ನಿನಗೆ ಅದನ್ನು ಹೇಳುವ ಬದಲು ಸುಮ್ಮನೆ ನಡಿ ಎಂದು ಗದರಿದೆ. ಈಗ ಅದೇ ಲೈನಿನಿಂದ ರಿಟೈರಾಗಿ ಬರುವವರಿಗೆ ನೀನು ತೋಟ ಬರೆದುಕೊಟ್ಟಿದ್ದೀಯ. ನನಗೆ ಹೆಮ್ಮೆಯಾಯಿತು ಕಣೋ.

ಆದರೆ ಮನೆಯೊಳಗೆ ಬೆಂಕಿ ಬಿದ್ದಿದೆ. ಪಾರ್ಕು ಬಂದಿರುವುದು ನಮ್ಮ ಮೇಲಿನ ಹೊಲದ ಮೇಲೆ. ಜಮೀನು ಕೊಟ್ಟವರಿಗೆ ಅವರವರ ಜಾಗದಲ್ಲೇ ಸೈಟು ಬಿಟ್ಟುಕೊಡುತ್ತಾರೆ. ಪಾರ್ಕಿಗೆ ಹೋದದ್ದಕ್ಕೆ ಸೈಟಿಲ್ಲ. ನಿನ್ನಣ್ಣ ಶ್ರೀನಿವಾಸಪ್ಪ ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ, ಹಸು ಒದ್ದರೂ ನಿನ್ನ ಹೆಸರು ಹೇಳಿಯೇ ಬೈಯುತ್ತಾನೆ. "ಪಾರ್ಕ್‌ನ ಪಕ್ಕದ್ ಕದಿರಪ್ಪನ್ ಒಲದ್ ಕಡಿಕ್ಕೆ ತಳ್ಳು ಅಂತ ಬರಿ ಅಪ್ಪಾ. ಕಾಗ್ದದ್ ಮೇಲೆ ಗೆರೆ ಎಳ್ಯಾಕೇನು ಅವ್ನಿಗೆ ಕಷ್ಟ?" ಎನ್ನುತ್ತಾನೆ. ನಿಮ್ಮಮ್ಮನನ್ನು ಮಣ್ಣು ಮಾಡಿರುವುದು ಅದೇ ಹೊಲದಲ್ಲಿ, ಅಮಾವಾಸ್ಯೆಗೆ ಎಡೆ ಎಲ್ಲಿಡೋಣ ಎಂದೆ. "ಅಮ್ಮನ್ ಕಲ್ಲ ಕಿತ್ತು ಮೂಲೇಲಿ ನೆಟ್ರಾಯ್ತು. ಅವ್ಳೇನ್ ಬ್ಯಾಡ ಅಂತಾಳಾ?" ಎಂದ. ಅವನು ಕೆಟ್ಟವನಲ್ಲ, ಅವನ ಗಂಡುಮಕ್ಕಳಿಗೂ ಸೂರು ಬೇಕಲ್ಲ. ಮುಂದಿನ ವಾರ ಶುಕ್ರವಾರ ಸೊಸೈಟಿ ಮೀಟಿಂಗಿನಲ್ಲಿ ನಕ್ಷೆ ಪಾಸಾಗುತ್ತದೆ. ಅಷ್ಟರಲ್ಲಿ ನೀನು ಬದಲಿಸದಿದ್ದರೆ ಈ ಮನೆಯ ಹೊಸ್ತಿಲು ತುಳಿಯಬಾರದಂತೆ. ಆದ್ದರಿಂದ ಪಾರ್ಕನ್ನು ಕದಿರಪ್ಪನ ಹೊಲಕ್ಕೆ ಸರಿಸಿ ಬೇರೆ ನಕ್ಷೆ ಕಳಿಸು. ಈ ಮಾತನ್ನು ಅವನು ಪಕ್ಕದಲ್ಲಿ ನಿಂತು ಬರೆಸಿದ್ದಾನೆ, ಕಾಗದ ಓದಿ ನೋಡಿಯೇ ಟಪಾಲಿಗೆ ಹಾಕಲು ಬಿಡುತ್ತಾನಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ನಡುಗದಂತೆ ದೇವರು ಕಾಯಲಿ.

ನಿನ್ನ ಅಪ್ಪ,
ವೆಂಕಟರಾಯಪ್ಪ

ಇನ್ನೊಂದು ಮಾತು. ಪೋಸ್ಟಾಫೀಸಿನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಒಳಗೆ ಟಪಾಲು ಚೀಲ ಕಟ್ಟುತ್ತಿದ್ದಾರೆ. ಪಾರ್ಕನ್ನು ಸರಿಸಬೇಡ. ಸೈಟಾದರೆ ಇವತ್ತಲ್ಲ ನಾಳೆ ಯಾರೋ ಪಾಯ ತೋಡುತ್ತಾರೆ. ಕಲ್ಲು ಎಲ್ಲಿಗೆ ಹೋದರೂ ನಿಮ್ಮಮ್ಮ ಅಲ್ಲೇ ಇರುತ್ತಾಳೆ, ಗುದ್ದಲಿ ಅವಳಿಗೇ ತಗಲುತ್ತದೆ. ಪಾರ್ಕಿನಲ್ಲಿ ಯಾರೂ ಪಾಯ ತೋಡುವುದಿಲ್ಲ. ಶೀನನಿಗೆ ನಾನು ಹೇಳಿಕೊಳ್ಳುತ್ತೇನೆ. ಅವಳ ಪಕ್ಕದಲ್ಲಿ ನನಗೆಂದು ಜಾಗ ಬಿಟ್ಟುಕೊಂಡಿದ್ದೆ. ಪಾರ್ಕಾದ ಮೇಲೆ ಅಲ್ಲಿ ನನ್ನನ್ನು ಹೂಳಲು ಬಿಡುವುದಿಲ್ಲ, ಅದು ನನಗೆ ಗೊತ್ತು. ನನ್ನನ್ನು ಎಲ್ಲಾದರೂ ಇಡಿ.